ಕುಲಾವಿ, ಕೌಲ್ ಮತ್ತು ಲೇಸ್ ಹೆಣಿಗೆ: ಉಡುಗೊರೆ ಹೆಣೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ವರಾಂಡದಲ್ಲಿ ಶನಿವಾರ ಮಧ್ಯಾಹ್ನ ಐದಾರು ಮಂದಿ ಕಡ್ಡಿ ಹಿಡಿದು ಕೂರುತ್ತೇವೆ. ಗೌರಿ ಹಬ್ಬ ಮುಗಿಯುತ್ತಿದ್ದಂತೆ ಹೊಸಬರು ಬರಲು ಶುರು. ಎಲ್ಲರ ಮೊಬೈಲಿನಲ್ಲೂ ಒಂದು ಚಿತ್ರ, ಎಲ್ಲರ ಮನಸ್ಸಿನಲ್ಲೂ ಒಬ್ಬರು: ಅತ್ತೆ, ಅಕ್ಕನ ಮಗು, ಹಾಸ್ಟೆಲಿಗೆ ಹೊರಟ ಮಗಳು. ಕೇಳುವ ಪ್ರಶ್ನೆಗಳು ಮಾತ್ರ ವರ್ಷವರ್ಷವೂ ಅವೇ. ಹೇಳಿ ಹೇಳಿ ಗಂಟಲು ಒಣಗಿದ ಮೇಲೆ ಬರೆದಿಟ್ಟದ್ದು ಇದು.

ಕೌಲ್ ಎಂದರೆ ಏನು? ಮಫ್ಲರ್ ಅಲ್ಲವೇ?

ಎರಡು ತುದಿಗಳನ್ನು ಸೇರಿಸಿಬಿಟ್ಟ ಮಫ್ಲರ್ ಎಂದುಕೊಳ್ಳಿ. ತಲೆಯ ಮೇಲಿಂದ ಇಳಿಸಿಕೊಂಡರೆ ಕೊರಳ ಸುತ್ತ ಕೂರುತ್ತದೆ. ಜಾರುವ ತುದಿಯಿಲ್ಲ, ಸ್ಕೂಟರಿನ ಚಕ್ರಕ್ಕೆ ಸಿಕ್ಕಿಕೊಳ್ಳುವ ಭಯವಿಲ್ಲ, ಊಟಕ್ಕೆ ಕುಳಿತಾಗ ಸಾರಿನಲ್ಲಿ ಅದ್ದುವುದೂ ಇಲ್ಲ. ಅದನ್ನೇ ಮೇಲಕ್ಕೆ ಬೆಳೆಸಿ ತಲೆಯನ್ನೂ ಮುಚ್ಚಿದರೆ ಹುಡ್. ಇದಕ್ಕೆ ನಮ್ಮಲ್ಲಿ ಪದವಿಲ್ಲದೆ ಇಲ್ಲ. ಕೂಸಿನ ತಲೆಗಾದರೆ ಕುಲಾವಿ. ಮಳೆಯಲ್ಲಿ ಗದ್ದೆಗೆ ಹೋಗುವವರು ಕಂಬಳಿಯನ್ನು ಮೂಲೆ ಮಡಿಸಿ ತಲೆಯಿಂದ ಬೆನ್ನಿಗೆ ಇಳಿಬಿಡುತ್ತಾರಲ್ಲ, ಅದು ಕೊಪ್ಪೆ. ಮಂಡ್ಯ ಕಡೆಯ ನನ್ನ ಅಜ್ಜಿಗೆ ಹುಡ್ ಇರುವ ಕೌಲ್ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಕೊಪ್ಪೆಗೆ ತೂತು ಮಾಡಿದ್ದೀಯ."

ಲೇಸ್ ಎಂದರೆ ಲಂಗದ ಅಂಚಿಗೆ ಹೊಲಿಯುವ ಲೇಸೇ?

ಅಲ್ಲ. ಅದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವುದು. ಇಲ್ಲಿ ಲೇಸ್ ಎಂದರೆ ಹೆಣೆಯುತ್ತ ಹೆಣೆಯುತ್ತಲೇ ಬೇಕೆಂದು ಬಿಡುವ ತೂತುಗಳ ವಿನ್ಯಾಸ. ದಾರವನ್ನು ಕಡ್ಡಿಯ ಮುಂದಕ್ಕೆ ತಂದು ಹೆಣೆದರೆ ಒಂದು ಕುಣಿಕೆ ಹೆಚ್ಚುತ್ತದೆ, ಅದರ ಕೆಳಗೆ ತೂತು ಬೀಳುತ್ತದೆ. ಎಲ್ಲೋ ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿ ಹೆಣೆದರೆ ಹೆಚ್ಚಿದ್ದು ಕಡಿಮೆಯಾಗಿ ಲೆಕ್ಕ ಸರಿಹೋಗುತ್ತದೆ. ಲೇಸ್ ಹೆಣಿಗೆ ಪೂರ್ತಿ ಈ ಜಮಾ-ಖರ್ಚೇ. ಸೀದಾ (ನಿಟ್), ಉಲ್ಟಾ (ಪರ್ಲ್) ಎಂಬ ಎರಡು ಮೂಲ ಹೆಣಿಗೆ ಬರುವವರಿಗೆ ಹೊಸದಾಗಿ ಕಲಿಯಬೇಕಾದದ್ದು ಇವೆರಡೇ ಕೈಚಳಕ. ಕ್ರೋಶಾ ಲೇಸ್ ಬೇರೆ ಸಂಸಾರ. ಅದರ ಮಾತು ಇಲ್ಲಿಲ್ಲ.

ಮೈಸೂರಿನ ಚಳಿಗೆ ಉಣ್ಣೆ ಬೇಕೇ? ಅದೂ ತೂತಿರುವ ಉಣ್ಣೆ?

ತೂತಿರುವುದರಿಂದಲೇ ಬೇಕು. ಡಿಸೆಂಬರ್-ಜನವರಿಯ ಬೆಳಗಿನ ಜಾವ ಇಲ್ಲಿ ಸಾಮಾನ್ಯವಾಗಿ 15-17 ಡಿಗ್ರಿ. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಇಷ್ಟು ಚಳಿಗೆ ದಪ್ಪ ಮಫ್ಲರ್ ಸುತ್ತಿದರೆ ದೇವಸ್ಥಾನ ತಲಪುವ ಮುಂಚೆ ಕೊರಳು ಬೆವರುತ್ತದೆ. ಉಣ್ಣೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟುಕೊಂಡ ಗಾಳಿಯಿಂದ. ತೆಳು ಲೇಸ್ ಕೊರಳಲ್ಲಿ ನಾಲ್ಕು ಮಡಿಕೆಯಾಗಿ ಕುಸಿದು ಕೂತಾಗ ಆ ಗಾಳಿ ಸಾಕಷ್ಟು ಸಿಗುತ್ತದೆ, ಸೆಖೆಯಾದರೆ ಸಡಿಲಿಸಿಕೊಳ್ಳಬಹುದು, ಮಡಿಸಿದರೆ ಕೈಚೀಲದ ಮೂಲೆಯಲ್ಲಿ ಹಿಡಿಸುತ್ತದೆ. ಧನುರ್ಮಾಸದಲ್ಲಿ ಐದು ಗಂಟೆಗೆ ಎದ್ದು ಪೂಜೆಗೆ, ಹುಗ್ಗಿಯ ಪ್ರಸಾದಕ್ಕೆ ಹೋಗುವವರಿಗೆ, ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೆ, ಮಂಡ್ಯದಿಂದ ಬೆಂಗಳೂರಿಗೆ ನಸುಕಿನ ರೈಲಿನಲ್ಲಿ ಕಿಟಕಿ ಪಕ್ಕ ಕೂರುವವರಿಗೆ ಇದು ಹೇಳಿ ಮಾಡಿಸಿದ್ದು. ಬೀಸುಗಾಳಿಯನ್ನು ಮಾತ್ರ ಲೇಸ್ ತಡೆಯುವುದಿಲ್ಲ. ಬೈಕಿನಲ್ಲಿ ಹೋಗುವವರಿಗೆ ಜಾಕೆಟ್ಟಿನ ಕಾಲರಿನ ಒಳಗೆ ಹಾಕಿಕೊಳ್ಳಲು ಹೇಳಿ.

ಯಾವ ನೂಲು ತರಲಿ?

ಊರಿನ ಫ್ಯಾನ್ಸಿ ಸ್ಟೋರಿನಲ್ಲಿ ಉಲ್ಲನ್ ಕೊಡಿ ಎಂದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದು ಕುರಿಯನ್ನೇ ಕಂಡಿಲ್ಲ. ಕಲಿಯಲು, ದಿನವೂ ಒಗೆಯುವ ವಸ್ತುವಿಗೆ ಅಕ್ರಿಲಿಕ್ ಅಡ್ಡಿಯಿಲ್ಲ. ಆದರೆ ಲೇಸಿನ ಅಂದವೆಲ್ಲ ಹೆಣೆದು ಮುಗಿಸಿ, ನೆನೆಸಿ, ಹಿಗ್ಗಿಸಿ ಒಣಗಿಸುವುದರಲ್ಲಿದೆ. ಉಣ್ಣೆ ಆ ಆಕಾರವನ್ನು ಹಿಡಿದುಕೊಳ್ಳುತ್ತದೆ. ಅಕ್ರಿಲಿಕ್ ಒಣಗಿದ ಕೂಡಲೇ ಮೊದಲಿನಂತೆ ಮುದುಡುತ್ತದೆ. ಹಬೆ ಹಿಡಿದರೆ ಬಗ್ಗುತ್ತದೆ, ಆದರೆ ಒಂದು ಕ್ಷಣ ಹೆಚ್ಚಾದರೆ ಜೀವ ಹೋಗಿ ಜೋತುಬೀಳುತ್ತದೆ. ನನ್ನ ಮೊದಲ ಕೌಲ್ ಇಸ್ತ್ರಿಪೆಟ್ಟಿಗೆಯ ಕೆಳಗೆ ಹಾಗೆಯೇ ಸತ್ತಿತು.

ಉಡುಗೊರೆಗಾದರೆ ಮೆರಿನೊ ಕುರಿಯ ಉಣ್ಣೆ ತರಿಸಿ. ಅದರ ಎಳೆ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಸಣ್ಣ, ಹಾಗಾಗಿ ಕೊರಳಿಗೆ ಚುಚ್ಚುವುದಿಲ್ಲ. ನಂಬಿಕೆಯಿಲ್ಲದಿದ್ದರೆ ಉಂಡೆಯನ್ನು ಗಲ್ಲದ ಕೆಳಗೆ ಇಟ್ಟುಕೊಂಡು ಒಂದು ಧಾರಾವಾಹಿ ನೋಡಿ ಮುಗಿಸಿ. ತುರಿಸದಿದ್ದರೆ ತೊಂದರೆಯಿಲ್ಲ. ಅಂಗೈಯಲ್ಲಿ ಮುಟ್ಟಿ ಮೆತ್ತಗಿದೆ ಎನ್ನಬೇಡಿ; ಪಾತ್ರೆ ತಿಕ್ಕಿದ ಕೈಗೆ ಎಲ್ಲವೂ ಮೆತ್ತಗೆ.

ಮಂಡ್ಯದವರು ತಪ್ಪದೆ ಕೇಳುವುದೊಂದಿದೆ: ನಮ್ಮ ಬನ್ನೂರು ಕುರಿಯ ಉಣ್ಣೆ ಆಗುವುದಿಲ್ಲವೇ? ಆಗುವುದಿಲ್ಲ. ಬಂಡೂರು, ಬನ್ನೂರು, ಮಂಡ್ಯ ಎಂದೆಲ್ಲ ಕರೆಯುವ ಆ ತಳಿಯ ಹೆಸರು ಮಾಂಸದ ರುಚಿಗೆ. ಮೈಮೇಲಿರುವುದು ಒರಟು ಕೂದಲು. ದಖನಿ ಕುರಿಯ ಉಣ್ಣೆಯೂ ಕುರುಬರ ಮಗ್ಗದಲ್ಲಿ ಕಂಬಳಿಯಾಗಲು ಸೊಗಸು, ಕೊರಳಿಗೆ ಮುಳ್ಳು.

ರೇಷ್ಮೆ? 1912ರಿಂದ ರೇಷ್ಮೆ ಕಾರ್ಖಾನೆ ನಡೆಯುತ್ತಿರುವ ಊರಿನಲ್ಲಿ ಈ ಆಸೆ ಸಹಜ. ಬರೀ ರೇಷ್ಮೆಗೆ ಉಣ್ಣೆಯ ಪುಟಿಯುವ ಗುಣವಿಲ್ಲ. ಕೌಲ್ ದಿನೇ ದಿನೇ ಉದ್ದವಾಗಿ ಎದೆಗೆ ಇಳಿಯುತ್ತದೆ. ಮೂರು ಪಾಲು ಮೆರಿನೊ, ಒಂದು ಪಾಲು ರೇಷ್ಮೆ ಬೆರೆತ ನೂಲು ಸಿಕ್ಕರೆ ಬಿಡಬೇಡಿ. ಹೊಳಪೂ ಇರುತ್ತದೆ, ಹಿಡಿತವೂ ಇರುತ್ತದೆ.

ಎಷ್ಟು ನೂಲು? ಎಷ್ಟನೇ ನಂಬರಿನ ಕಡ್ಡಿ?

100 ಗ್ರಾಂಗೆ ಸುಮಾರು 400 ಮೀಟರ್ ಬರುವ 4 ಪ್ಲೈ ನೂಲಿನಲ್ಲಿ ಬರೀ ಕೌಲಿಗೆ 60 ಗ್ರಾಂ ಸಾಕು. ಹುಡ್ ಸೇರಿದರೆ 120-130 ಗ್ರಾಂ. ಎರಡು ಲಡಿ ಕೊಳ್ಳುವಾಗ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಗುಂಪಿನ ಸಂಖ್ಯೆ, ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಕೊರಳು ಒಂದು ಬಣ್ಣ, ತಲೆ ಒಂದು ಬಣ್ಣ.

ಕಡ್ಡಿಯ ನಂಬರಿನಲ್ಲಿ ಒಂದು ಗೋಜಲಿದೆ. ಅಜ್ಜಿಯ ಪೆಟ್ಟಿಗೆಯಲ್ಲಿರುವ, ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳದು ಹಳೆಯ ಬ್ರಿಟಿಷ್ ಲೆಕ್ಕ: ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣ. ಅದರಲ್ಲಿ 8 ಎಂದರೆ 4 ಮಿ.ಮೀ., 10 ಎಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ತಿರುವುಮುರುವು. ಅಲ್ಲಿ 8 ಎಂದರೆ 5 ಮಿ.ಮೀ. ಅಂತರ್ಜಾಲದ ವಿನ್ಯಾಸದಲ್ಲಿ 8 ಎಂದು ಕಂಡು ಅಜ್ಜಿಯ 8 ಎತ್ತಿಕೊಂಡವರ ಕೌಲ್ ಮೂಗಿನ ಹತ್ತಿರವೇ ನಿಂತುಬಿಟ್ಟಿದೆ. ಮಿಲಿಮೀಟರ್ ಮಾತ್ರ ನಂಬಿ. ಕೌಲಿಗೆ 4 ಮಿ.ಮೀ., 40 ಅಥವಾ 60 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ, ಅಂದರೆ ಬಳುಕುವ ತಂತಿಯಿಂದ ಜೋಡಿಸಿದ ಜೋಡಿ ಕಡ್ಡಿ, ಬೇಕು.

ಮೊದಲ ಸಲ ಹೆಣೆಯುವವರಿಗೆ ಯಾವ ವಿನ್ಯಾಸ?

ಅಲೆಯ ವಿನ್ಯಾಸ. ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳದು, ಅಲ್ಲಿ ಇದಕ್ಕೆ ಓಲ್ಡ್ ಶೇಲ್ ಎನ್ನುತ್ತಾರೆ. ಮದುವೆಯ ಉಂಗುರದೊಳಗಿಂದ ಎಳೆದರೆ ಪೂರ್ತಿ ಹೊರಬರುವಷ್ಟು ತೆಳ್ಳನೆಯ ಶಾಲುಗಳನ್ನು ಹೆಣೆದ ಜನ ಅವರು. ನಮ್ಮ ಅದೃಷ್ಟಕ್ಕೆ ಅವರ ಈ ವಿನ್ಯಾಸ ಮಾತ್ರ ತೀರಾ ಸುಲಭ: ನಾಲ್ಕು ಸುತ್ತಿನಲ್ಲಿ ಒಂದೇ ಸುತ್ತು ಕೆಲಸದ್ದು, ಉಳಿದ ಮೂರರಲ್ಲಿ ಮಾತನಾಡುತ್ತ ಕೂರಬಹುದು.

ಇದು 18ರ ಮಗ್ಗಿ. 126 ಕುಣಿಕೆ ಹಾಕಿಕೊಳ್ಳಿ, ಅಂದರೆ ಏಳು ಹದಿನೆಂಟು. ಒಣಗಿಸಿದ ಮೇಲೆ 10 ಸೆಂ.ಮೀ.ಗೆ 20 ಕುಣಿಕೆ ಬಂದರೆ ಸುತ್ತಳತೆ 63 ಸೆಂ.ಮೀ.; ದೊಡ್ಡವರ ತಲೆ ಸಲೀಸಾಗಿ ದಾಟುತ್ತದೆ. ಕುಣಿಕೆ ಹಾಕುವಾಗ ಒಂದು ಅಳತೆ ದಪ್ಪ ಕಡ್ಡಿ ಬಳಸಿ, ಅಂಚು ಬಿಗಿಯಾದರೆ ಆಮೇಲೆ ಏನು ಮಾಡಿದರೂ ಅಲೆ ಬಿಚ್ಚಿಕೊಳ್ಳುವುದಿಲ್ಲ. ಸುತ್ತು ಸೇರಿಸುವಾಗ ಕುಣಿಕೆಗಳೆಲ್ಲ ಕಡ್ಡಿಯ ಕೆಳಗೇ ಮುಖ ಮಾಡಿವೆಯೇ ಎಂದು ಬೆರಳಾಡಿಸಿ ನೋಡಿ. ಒಂದು ತಿರುಚು ಬಿದ್ದರೂ ಬಿಚ್ಚದೆ ಬೇರೆ ದಾರಿಯಿಲ್ಲ.

ಮೊದಲ ಸುತ್ತು ಪೂರ್ತಿ ಸೀದಾ. ಎರಡನೆಯದೂ ಸೀದಾ. ಮೂರನೆಯ ಸುತ್ತು ಹೀಗೆ: ಎರಡು ಕುಣಿಕೆ ಸೇರಿಸಿ ಒಂದಾಗಿ ಹೆಣೆಯುವುದು, ಹೀಗೆ ಮೂರು ಸಲ, ದಾರ ಮುಂದಕ್ಕೆ ತಂದು ಒಂದು ಸೀದಾ, ಹೀಗೆ ಆರು ಸಲ, ಮತ್ತೆ ಎರಡನ್ನು ಒಂದು ಮಾಡುವುದು ಮೂರು ಸಲ. ಇಷ್ಟಕ್ಕೆ ಒಂದು ಹದಿನೆಂಟು ಮುಗಿಯಿತು, ಇದನ್ನೇ ಏಳು ಸಲ. ನಾಲ್ಕನೆಯ ಸುತ್ತು ಪೂರ್ತಿ ಉಲ್ಟಾ. ಈ ನಾಲ್ಕು ಸುತ್ತುಗಳನ್ನು ಹದಿನೆಂಟು ಸಲ ಹೆಣೆದರೆ ಎತ್ತರ ಸುಮಾರು 24 ಸೆಂ.ಮೀ. ಆಗಿರುತ್ತದೆ. ಕೊನೆಗೆ ಕುಣಿಕೆಗಳನ್ನು ಮುಚ್ಚಿ ಮುಗಿಸುವಾಗಲೂ ಸಡಿಲ, ಸಡಿಲ, ಸಡಿಲ.

ಹುಡ್ ಬೇಕೆಂದರೆ ಮುಚ್ಚಬೇಡಿ. ಗಲ್ಲದ ಕೆಳಗೆ ಬರುವ 14 ಕುಣಿಕೆಗಳನ್ನಷ್ಟೇ ಮುಚ್ಚಿ, ಉಳಿದ 112ನ್ನು ಹಿಂದಕ್ಕೂ ಮುಂದಕ್ಕೂ ಹೆಣೆಯಿರಿ: ಎರಡೂ ಅಂಚಿನಲ್ಲಿ ಎರಡೆರಡು ಕುಣಿಕೆ ಸದಾ ಸೀದಾ, ನಡುವೆ ಆರು ಹದಿನೆಂಟು. ಈಗ ಹಿಂಬದಿಯ ಸಾಲುಗಳೂ ಇರುವುದರಿಂದ ಎರಡನೆಯ ಸಾಲು ಉಲ್ಟಾ, ನಾಲ್ಕನೆಯದು ಸೀದಾ ಆಗುತ್ತದೆ. ಇದೊಂದನ್ನು ಮರೆತರೆ ಅಲೆ ತಲೆಕೆಳಗು. 30 ಸೆಂ.ಮೀ. ಆದ ಮೇಲೆ 56, 56 ಎಂದು ಪಾಲು ಮಾಡಿ, ಎರಡು ಕಡ್ಡಿಗಳನ್ನು ಜೊತೆಗಿಟ್ಟು ಮೂರನೆಯ ಕಡ್ಡಿಯಿಂದ ಒಟ್ಟಿಗೆ ಹೆಣೆದು ಮುಚ್ಚಿ. ನೆತ್ತಿಯ ಮೇಲೆ ಹೊಲಿಗೆಯೇ ಬೇಡ.

ನಡುವೆ ಒಂದು ಕುಣಿಕೆ ಜಾರಿತು. ಪೂರ್ತಿ ಬಿಚ್ಚಬೇಕೇ?

ಜೀವದಾರ ಹಾಕಿದ್ದರೆ ಬೇಡ. ಪ್ರತಿ ಎಂಟು ಸುತ್ತಿಗೊಮ್ಮೆ, ಸೀದಾ ಸುತ್ತು ಮುಗಿದಾಗ, ಬೇರೆ ಬಣ್ಣದ ಹತ್ತಿ ನೂಲನ್ನು ದಪ್ಪ ಸೂಜಿಗೆ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳೊಳಗೂ ಹಾಯಿಸಿಬಿಡಿ. ಹೂ ಕಟ್ಟುವ ಬಿಳಿ ನೂಲಾದರೂ ಆದೀತು. ಮುಂದೆ ತಪ್ಪಾದರೆ ಕಡ್ಡಿ ಎಳೆದು ಧೈರ್ಯವಾಗಿ ಬಿಚ್ಚಿ. ಬಿಚ್ಚುವುದು ಆ ದಾರದಲ್ಲಿ ಬಂದು ನಿಲ್ಲುತ್ತದೆ. ಜೀವದಾರ ಹಾಕುವ ಐದು ನಿಮಿಷ ಉಳಿಸಿದವರು ಮೂರು ಸಂಜೆ ಕಳೆದುಕೊಂಡದ್ದನ್ನು ನಮ್ಮ ವರಾಂಡ ನೋಡಿದೆ. ಒಬ್ಬರು ನಾನೇ.

ಹೆಣೆದು ಮುಗಿಯಿತು, ಆದರೆ ಹಿಂಡಿದ ಒರೆಸುಬಟ್ಟೆಯಂತೆ ಕಾಣುತ್ತದೆ. ಏನು ತಪ್ಪಾಯಿತು?

ಏನೂ ಆಗಿಲ್ಲ. ಕಡ್ಡಿಯಿಂದ ಇಳಿದ ಲೇಸ್ ಹಾಗೆಯೇ ಇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಉಜ್ಜಬೇಡಿ, ಹಿಂಡಬೇಡಿ. ಎರಡೂ ಅಂಗೈಯಲ್ಲಿ ಬೊಗಸೆಯಾಗಿ ಎತ್ತಿ, ಟವೆಲ್ಲಿನ ಮೇಲೆ ಹರಡಿ, ಚಾಪೆ ಸುತ್ತುವ ಹಾಗೆ ಸುತ್ತಿ ಮೇಲೆ ನಿಂತು ತುಳಿಯಿರಿ. ಈಗ ಬಿಚ್ಚಿದರೆ ಒದ್ದೆ ಕಾಗದದಂತಿರುತ್ತದೆ. ಥರ್ಮಾಕೋಲ್ ಹಾಳೆಯ ಮೇಲೆ ಒಣ ಟವೆಲ್ ಹಾಸಿ, ಕೌಲನ್ನು ಇಟ್ಟು, ಅಂಚಿನ ಒಂದೊಂದು ಅಲೆಯ ತುದಿಯನ್ನೂ ಎಳೆದು ತುಕ್ಕು ಹಿಡಿಯದ ಪಿನ್ನು ಚುಚ್ಚಿ. ಎಳೆಯುತ್ತಿದ್ದಂತೆ ಮುದುಡಿದ್ದ ತೂತುಗಳು ಒಂದೊಂದಾಗಿ ಕಣ್ಣು ಬಿಡುವುದನ್ನು ನೋಡಬೇಕು. ಅಲೆಯೂ ಅಗಲವಾಗುತ್ತದೆ. ಎರಡು ಬದಿ ಮಡಿಕೆ ಬೀಳದಿರಲಿ ಎಂದು ಒಳಗೊಂದು ಕೈವಸ್ತ್ರ ಸುರುಳಿ ಮಾಡಿ ತೂರಿಸಿ. ಫ್ಯಾನ್ ಹಾಕಿದರೆ ಮರುದಿನಕ್ಕೆ ಒಣಗಿರುತ್ತದೆ. ಮಳೆಗಾಲದಲ್ಲಿ ಎರಡು ದಿನ ಬಿಡಿ. ಕುಲಾವಿಯನ್ನಾದರೆ ಅಳತೆಗೆ ಸರಿಯಾದ ಸ್ಟೀಲ್ ಪಾತ್ರೆಯನ್ನು ಮಗುಚಿ ಅದರ ಮೇಲೆ ತೊಡಿಸಿ.

ಒದ್ದೆ ಕೌಲನ್ನು ತಂತಿಯ ಮೇಲೆ ಮಾತ್ರ ನೇತುಹಾಕಬೇಡಿ. ತಂಗಿಯ ಕೊರಳಿಗೆಂದು ಹೆಣೆದದ್ದನ್ನು ನಾನು ಮಹಡಿಯ ತಂತಿಗೆ ಹಾಕಿ ಬಂದೆ. ಸಂಜೆ ಇಳಿಸುವಾಗ ಅದು ನಮ್ಮ ಮಾವನವರ ಸೊಂಟಕ್ಕೆ ಸರಿಹೋಗುವಂತಿತ್ತು.

ಅತ್ತೆಗೆ ಕಷ್ಟಪಟ್ಟು ಹೆಣೆದುಕೊಟ್ಟೆ. ಬೀರುವಿನಲ್ಲೇ ಇದೆ. ಇಷ್ಟವಾಗಲಿಲ್ಲವೇ?

ಇದನ್ನು ಕೇಳುವಾಗ ಎಲ್ಲರ ಮುಖವೂ ಒಂದೇ ಥರ ಇರುತ್ತದೆ. ಬಣ್ಣ ಹಿಡಿಸಲಿಲ್ಲವೇನೋ, ನಾನೇ ಹಿಡಿಸಲಿಲ್ಲವೇನೋ ಎಂದು ದೂರ ಹೋಗುವ ಮೊದಲು ಅವರ ಬೆಳಗನ್ನು ಒಮ್ಮೆ ನೋಡಿ.

ನಮ್ಮ ಅತ್ತೆಗೆ ನಾನು ಕೊಟ್ಟ ತಿಳಿ ನೇರಳೆ ಕೌಲ್ ಎರಡು ಚಳಿಗಾಲ ಬೀರುವಿನಲ್ಲಿತ್ತು. ಕೇಳಿದರೆ "ಚೆನ್ನಾಗಿದೆಯಮ್ಮ, ಹಾಕಿಕೊಳ್ಳುತ್ತೇನೆ" ಎನ್ನುತ್ತಿದ್ದರು. ಒಂದು ಧನುರ್ಮಾಸದ ಬೆಳಿಗ್ಗೆ ಅವರ ಹಿಂದೆಯೇ ನಿಂತಿದ್ದೆ. ಸ್ನಾನವಾದ ಕೂಡಲೇ ಹಣೆಗೆ ಕುಂಕುಮ, ತುರುಬಿಗೆ ಒಂದು ಮೊಳ ಮಲ್ಲಿಗೆ, ಆಮೇಲೆ ಕನ್ನಡಕ. ಇಷ್ಟಾದ ಮೇಲೆ ತಲೆಯ ಮೇಲಿಂದ ಕೌಲ್ ಇಳಿಸಿದರೆ ಹೂ ನಲುಗುತ್ತದೆ, ಕುಂಕುಮ ಅಳಿಸುತ್ತದೆ, ಕನ್ನಡಕ ಕಿತ್ತುಬರುತ್ತದೆ. ಹೇಳಿದರೆ ಸೊಸೆ ನೊಂದುಕೊಳ್ಳುತ್ತಾಳೆಂದು ಅವರು ಹೇಳಿರಲಿಲ್ಲ; ನಾನೂ ನೋಡಿರಲಿಲ್ಲ. ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಈ ಸಲ ಸುತ್ತಾಗಿ ಅಲ್ಲ, ಪಟ್ಟಿಯಾಗಿ: ಆರು ಹದಿನೆಂಟು, ಅಂಚಿಗೆ ಆರಾರು, ಒಟ್ಟು 120 ಕುಣಿಕೆ. ಒಂದು ಅಂಚಿನ ಮೇಲೆ ಇನ್ನೊಂದು ಕೂರುವಂತೆ ಮೂರು ಚಪ್ಪಟೆ ಗುಂಡಿ. ತಲೆ ದಾಟಬೇಕಿಲ್ಲವಾದ್ದರಿಂದ ಸುತ್ತಳತೆ ಕಡಿಮೆಯಾದರೂ ನಡೆಯಿತು. ಈಗ ಅವರು ಅದನ್ನು ಒಗೆಯಲೂ ಕೊಡುವುದಿಲ್ಲ.

ಹಾಗಾಗಿ ನೂಲು ಕೊಳ್ಳುವ ಮೊದಲು ಕೊರಳನ್ನು ನೋಡಿ. ಕಿವಿಗೆ ಶ್ರವಣಯಂತ್ರ ಹಾಕುವ ತಾತನಿಗೆ ಬಿಗಿ ಹುಡ್ ಕೊಟ್ಟರೆ ಅದು ಉಜ್ಜಿ ಗುಂಯ್‌ಗುಡುತ್ತದೆ. ಸರ, ಮಾಂಗಲ್ಯದ ಕೊಂಡಿ ಲೇಸಿನ ತೂತಿಗೆ ಸಿಕ್ಕುತ್ತದೆ, ಅಂಥವರಿಗೆ ಒಳಗಡೆ ನಾಲ್ಕು ಬೆರಳು ಬರೀ ಸೀದಾ ಹೆಣೆದ ಪಟ್ಟಿ ಇರಲಿ. ಹೆಲ್ಮೆಟ್ ಹಾಕುವವರಿಗೆ ಹುಡ್ ಬೇಡವೇ ಬೇಡ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೆಣೆಯಬಹುದೇ?

ಗಾದೆ ನಗುತ್ತದೆ, ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಕೂಸು ಹುಟ್ಟಿದ ಮೇಲೆ ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಅದರ ತಲೆ ಬೆಳೆದಿರುತ್ತದೆ. ನಮ್ಮಲ್ಲಿ ಒಂದು ಒಪ್ಪಂದವಿದೆ: ಹೆಣೆದು ನಿಮ್ಮ ಬೀರುವಿನಲ್ಲೇ ಇಟ್ಟುಕೊಳ್ಳಿ, ನಾಮಕರಣದ ದಿನ ಕೊಡಿ. ಅಳತೆ ಸ್ವಲ್ಪ ದೊಡ್ಡದೇ ಇರಲಿ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಇದ್ದರೆ, ಆರು ತಿಂಗಳಿಗೆ 43ರ ಆಸುಪಾಸು.

ಕೂಸಿನ ಕುಲಾವಿಯಲ್ಲಿ ಲೇಸಿನ ಆಸೆಗೆ ಲಗಾಮು ಹಾಕಿ. ತೂತು ದೊಡ್ಡದಾದರೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಹಣೆಯ ಅಂಚಿಗೆ ಎರಡು ಅಲೆ ಸಾಕು, ಉಳಿದದ್ದು ಬರೀ ಸೀದಾ. ಉದ್ದನೆಯ ದಾರ, ರಿಬ್ಬನ್ ಕಟ್ಟಬೇಡಿ, ಕೊರಳಿಗೆ ಸುತ್ತಿಕೊಳ್ಳುವ ಅಪಾಯವಿದೆ. ಗಲ್ಲದ ಕೆಳಗೊಂದು ಗಟ್ಟಿಯಾಗಿ ಹೊಲಿದ ಗುಂಡಿಪಟ್ಟಿ ಮಾಡಿ. ಮೊಹೇರಿನಂಥ ನವಿರು ಕೂದಲುದುರುವ ನೂಲು ಬೇಡ. ಮಲಗಿಸುವಾಗ ಕುಲಾವಿ ತೆಗೆಯಲು ಹೇಳಿ, ಮಗುವಿನ ಮೈಯಲ್ಲಿ ಹೆಚ್ಚಾದ ಶಾಖ ತಲೆಯಿಂದಲೂ ಹೊರಹೋಗಬೇಕು. ಬಾಣಂತನಕ್ಕೆ ಬಂದ ಅಜ್ಜಿಯಂದಿರು ಇದನ್ನು ಒಪ್ಪುವುದಿಲ್ಲ. ಮಕ್ಕಳ ವೈದ್ಯರ ಬಾಯಲ್ಲೇ ಹೇಳಿಸಿ.

ಗಂಡಸರಿಗೆ ಲೇಸ್ ಕೊಟ್ಟರೆ ಹಾಕಿಕೊಳ್ಳುತ್ತಾರೆಯೇ?

ಬೂದು ಅಥವಾ ಕಾಫಿ ಬಣ್ಣದಲ್ಲಿ ಹೆಣೆದು, ಲೇಸ್ ಎನ್ನುವ ಪದ ಬಾಯಿಬಿಡದೆ ಕೊಡಿ.

ಕಪ್ಪು ಬಣ್ಣ ಕೊಡಬಹುದೇ?

ಶುಭ ಸಂದರ್ಭಕ್ಕೆ ಕೆಲವರ ಮನೆಯಲ್ಲಿ ಆಗದು. ಅದಕ್ಕಿಂತ ಮುಖ್ಯ, ಕಪ್ಪು ನೂಲಿನಲ್ಲಿ ರಾತ್ರಿ ಹೆಣೆದರೆ ಕುಣಿಕೆಯೇ ಕಾಣುವುದಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ದಿನಕ್ಕೆ ಒಂದು ಗಂಟೆ ಕೂತರೆ ಕೌಲಿಗೆ ಮೂರು ವಾರ, ಹುಡ್ ಸೇರಿದರೆ ಆರು. ದಸರೆಯ ನೆಂಟರನ್ನೂ ದೀಪಾವಳಿಯ ಚಕ್ಕುಲಿಯನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ. ಧನುರ್ಮಾಸಕ್ಕೆ ಕೊಡಬೇಕೆಂದರೆ ಗಣೇಶನನ್ನು ನೀರಿಗೆ ಬಿಟ್ಟು ಬಂದ ವಾರವೇ ಕುಣಿಕೆ ಹಾಕಿ.

ಒಗೆಯುವುದು ಹೇಗೆಂದು ಅವರಿಗೆ ಏನು ಹೇಳಲಿ?

ಬಾಯಲ್ಲಿ ಹೇಳಿದ್ದು ಮರೆಯುತ್ತದೆ, ಚೀಟಿ ಬರೆದು ಇಡಿ: ತಣ್ಣೀರು, ಯಂತ್ರ ಬೇಡ, ಉಜ್ಜಬೇಡಿ, ನೆರಳಿನಲ್ಲಿ ಹರಡಿ ಒಣಗಿಸಿ. ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಉಣ್ಣೆಯ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಕಂಬಳಿಯ ತುಂಡಾಗುತ್ತದೆ, ಮತ್ತೆ ಬಿಡಿಸಲಾಗದು. ರೇಷ್ಮೆ ಸೀರೆಗೆ ಬಳಸುವ ಅಂಟುವಾಳದ ನೊರೆ ಇದಕ್ಕೂ ಒಳ್ಳೆಯದು, ತಿಳಿ ಬಣ್ಣಕ್ಕೆ ಮಾತ್ರ ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಎತ್ತಿಡುವ ಮುನ್ನ ಒಗೆಯಲೇಬೇಕು, ಬೆವರಿನ ಕಲೆಗೆ ಹುಳು ಬೇಗ ಬರುತ್ತದೆ. ಚೆನ್ನಾಗಿ ಒಣಗಿಸಿ ಜಿಪ್ ಚೀಲದಲ್ಲಿಟ್ಟರೆ ಸಾಕು. ಕೂಸಿನ ಕುಲಾವಿಯ ಹತ್ತಿರ ನುಸಿಗುಳಿಗೆ ಇಡಲೇಬೇಡಿ. ಅದರಲ್ಲಿರುವ ನ್ಯಾಫ್ತಲೀನ್ ಎಳೆಮಕ್ಕಳ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಹೆಣೆದುಕೊಡುತ್ತೀರಾ? ಎಷ್ಟು ತೆಗೆದುಕೊಳ್ಳುತ್ತೀರಿ?

ಇಲ್ಲ. ಗಂಟೆಯ ಲೆಕ್ಕ ಹಾಕಿದರೆ ನೀವು ಕೊಡುವುದಿಲ್ಲ, ನೂಲಿನ ಲೆಕ್ಕ ಹಾಕಿದರೆ ನನಗೆ ಗಿಟ್ಟುವುದಿಲ್ಲ. ಶನಿವಾರ ಬನ್ನಿ, ಕಲಿಸುತ್ತೇನೆ.

ಉಳಿದ ನೂಲನ್ನು ಏನು ಮಾಡಲಿ?

ಐದು ಮೀಟರ್ ಸುತ್ತಿ, ಯಾರಿಗೆ ಹೆಣೆದದ್ದೆಂದು ಬರೆದು ಎತ್ತಿಡಿ. ಎಂದಾದರೂ ಒಂದು ಎಳೆ ಹರಿದು ರಿಪೇರಿಗೆ ಬರುತ್ತದೆ. ಮಿಕ್ಕದ್ದರಲ್ಲಿ ನಾವು ಪಟ್ಟದ ಗೊಂಬೆಗಳಿಗೆ ಹೆಣೆಯುತ್ತೇವೆ. ಅತ್ತೆಯ ಮದುವೆಯಲ್ಲಿ ಬಂದ ಮರದ ರಾಜ-ರಾಣಿ ನಮ್ಮ ಮನೆಯಲ್ಲಿದ್ದಾರೆ, ರಾಜನ ಕೊರಳ ಹತ್ತಿರ ಬಣ್ಣ ಎದ್ದುಹೋಗಿದೆ. ಹೋದ ದಸರೆಗೆ ಅತ್ತೆಯ ಕೌಲಿನ ಉಳಿಕೆಯಲ್ಲಿ ಮೂವತ್ತಾರು ಕುಣಿಕೆ, ಎರಡು ಅಲೆಯ ಪಟ್ಟಿಯೊಂದನ್ನು ಅವನಿಗೆ ಸುತ್ತಿ ಕೂರಿಸಿದೆವು. ಗೊಂಬೆ ನೋಡಲು ಬಂದ ಪಕ್ಕದ ಮನೆಯ ಹುಡುಗಿ ರಾಣಿಯನ್ನು ತೋರಿಸಿ, ಇವರಿಗೆ ಚಳಿಯಾಗುವುದಿಲ್ಲವೇ ಎಂದು ಕೇಳಿದಳು. ಅದು ಈಗ ಕಡ್ಡಿಯ ಮೇಲಿದೆ.